ಬೈಸಿಕೊಳ್ಳುವ ತಾಲೀಮು

ಕುಸ್ತಿಗೆ ತಾಲೀಮು ಮಾಡುವವರನ್ನು ನೋಡಿದ್ದೀರಿ. ಬೈಸಿಕೊಳ್ಳುವುದಕ್ಕೆ ತಾಲೀಮು ಮಾಡುವವರನ್ನು ನೋಡಿದ್ದೀರಾ? ನಂಜನಗೂಡಿಗೆ ಬನ್ನಿ, ನನ್ನ ಸೋದರಮಾವನನ್ನು ತೋರಿಸುತ್ತೇನೆ!

ಮಾವ ತಾಂಡ್ಯದ ಕಾರ್ಖಾನೆಯೊಂದರಲ್ಲಿ ಕೆಲಸಗಾರರು. ಸೂಪರ್‌ವೈಸರ್ ಬೈದರೆ ತುಟಿಪಿಟಿಕ್ಕೆನ್ನದೆ ನಿಂತು, ಉತ್ತರವನ್ನೆಲ್ಲ ಸಂಜೆ ಬಾರಿನ ಮೇಜಿಗೆ ಹೇಳುತ್ತಿದ್ದರು. ಅದು ದಿನದ ಪಾಡಾದಾಗ ಅತ್ತೆ, "ಕುಡಿಯೋದ್ ಬುಟ್ಮೇಲೆ ಕರಕೊಂಡೋಗಕ್ ಬನ್ನಿ" ಎಂದು ನರಸೀಪುರದ ತವರಿಗೆ ಹೊರಟೇಬಿಟ್ಟರು.

ಮಾವ ಗಾಬರಿಯಾಗಿ ಆಸ್ಪತ್ರೆಗೆ ಓಡಿದರು. ಡಾಕ್ಟರು ರಕ್ತ ಪರೀಕ್ಷೆ ಮಾಡಿಸಿ, ಕುಡಿಯುವ ಚಪಲ ತಗ್ಗಿಸುವ ಮಾತ್ರೆ ಬರೆದುಕೊಟ್ಟರು. ಮಾವ ಮಾತ್ರೆ ನುಂಗಿ, ಪರೀಕ್ಷಿಸಲು ನೇರ ಬಾರಿಗೇ ಹೋದರು! ಅರ್ಧ ಗ್ಲಾಸಿಗೇ ಜಗಳ. "ನೀರ್ ಬೆರ್ಸಿದ್ದೀಯ ಕಣಯ್ಯಾ! ಮಜಾನೇ ಇಲ್ಲ!" ಬಾರಿನವನು ಎದುರಿಗೇ ಹೊಸ ಬಾಟಲಿ ತೆರೆದ. ಅದರಲ್ಲೂ ಇಲ್ಲ!

ಮರುದಿನ ಮಾವನ ದೂರು ಕೇಳಿ ಡಾಕ್ಟರು ನಕ್ಕರು. "ನೀರಲ್ಲ ಕಣ್ರೀ, ಮಾತ್ರೆ ಕೆಲಸ ಅದು. ಆದ್ರೆ ಮಾತ್ರೆ ಒಂದೇ ಸಾಲ್ದು. ಕುಡೀಬೇಕು ಅನ್ಸೋದು ಯಾವಾಗ ಅಂತ ನೋಡ್ಕೊಳ್ಳಿ. ಆಗ ಬೇರೆ ಏನ್ ಮಾಡ್ಬೇಕೋ ಮೊದ್ಲೇ ರೂಢಿ ಮಾಡ್ಕೊಳ್ಳಿ."

ಯಾವಾಗ ಎಂಬುದು ಮಾವನಿಗೆ ಗೊತ್ತೇ ಇತ್ತಲ್ಲ! ನಾನೋ, ಊರಿನವರ ದನಿಯನ್ನೆಲ್ಲ ಅಣಕಿಸಿ ಸ್ವಂತ ದನಿ ಮರೆತವನು. "ಲೇ, ಸೂಪರ್‌ವೈಸರ್ ದನೀಲಿ ನಂಗ್ ಬಯ್ಯೋ" ಎಂದು ಕಪಿಲಾ ನದಿಯ ಸೋಪಾನಕಟ್ಟೆಗೆ ಎಳೆದೊಯ್ದರು. ನಾನು ಅಬ್ಬರಿಸಬೇಕು, ಅವರು ಉಸಿರು ನಿಧಾನಕ್ಕೆಳೆದು ಮಜ್ಜಿಗೆ ಕುಡಿಯಬೇಕು.

"ಕಣ್ಣೇನ್ ಮನೇಲಿಟ್ ಬಂದಿದ್ದೀಯೇನೋ?"

"ಇನ್ನೊಸಿ ಜೋರಾಗ್ ಬಯ್ಲಾ, ಆವಯ್ಯ ಇಷ್ಟ್ ಮೆತ್ಗೆ ಬಯ್ಯಕಿಲ್ಲ!"

ಬಟ್ಟೆ ಒಗೆಯುತ್ತಿದ್ದ ಅಜ್ಜಿಯೊಬ್ಬಳು ಸೆಟೆದು ನಿಂತಳು. "ದೊಡ್ಡೋರ್ನ ಇಂಗಾ ಬಯ್ಯೋದು? ನಿನ್ ನಾಲ್ಗೆ ಸೇದೋಗ!"

ಮಾವ ಕಣ್ಣರಳಿಸಿದರು. "ಅಮ್ಮಯ್ಯಾ, ನೀವು ದಿನಾ ಬನ್ನಿ!"

ನಡುವೆ ಒಮ್ಮೆ ಮನಸ್ಸು ಜಾರಿ ಕುಡಿದೇಬಿಟ್ಟರು. ತಾವೇ ಹೋಗಿ ಡಾಕ್ಟರ ಮುಂದೆ ತಪ್ಪೊಪ್ಪಿಕೊಂಡರು. ಡಾಕ್ಟರು ಮಾತ್ರೆ ಬಿಡಬೇಡಿ ಎಂದರಷ್ಟೆ. ಮಾವನಿಗೆ ಅದೇ ಚಿಂತೆ. "ಯಾಕ್ಲಾ ಬಯ್ಲಿಲ್ಲ ಅವ್ರು?"

ಬರಬರುತ್ತಾ, ಬಾರಿನ ಮುಂದೆಯೇ ಬಸ್ಸು ನಿಂತರೂ ಮಾವ ಇಳಿಯದಂತಾದರು. ಅಂತೂ ಅತ್ತೆಯನ್ನು ಕರೆತರಲು ಹೊರಟೆವು. ನರಸೀಪುರದವರೆಗೂ ಬಸ್ಸಿನಲ್ಲಿ ನಾನು ಅತ್ತೆಯ ದನಿಯಲ್ಲಿ ಬೈದದ್ದೇ ಬೈದದ್ದು. "ಯಾವ್ ಮೊಕ ಇಟ್ಕೊಂಡ್ ಬಂದ್ರಿ?" ಕಂಡಕ್ಟರು ಟಿಕೆಟ್ ಕೊಡುವುದನ್ನೇ ಮರೆತ! ಮಾವನಿಗೆ ಉತ್ತರಗಳೆಲ್ಲ ಬಾಯಿಪಾಠ.

ಅತ್ತೆ ಬಾಗಿಲು ತೆರೆದರು. ಮಾವ ಉಸಿರೆಳೆದು ಸಜ್ಜಾಗಿ ನಿಂತರು. ಅತ್ತೆ ಅವರನ್ನೇ ದಿಟ್ಟಿಸಿದರು. ಮಾತ್ರೆಯ ಸುದ್ದಿಯನ್ನು ನನ್ನಮ್ಮ ಫೋನಿನಲ್ಲಿ ಮೊದಲೇ ಮುಟ್ಟಿಸಿದ್ದಳು.

"ಸೊರಗೋಗಿದ್ದೀರಲ್ಲಾ" ಎಂದರು ಅತ್ತೆ. "ಒಳೀಕ್ ಬನ್ನಿ. ಮಾತ್ರೆ ಊಟಕ್ ಮುಂಚೆನೋ, ಆಮೇಲೋ?"

ಮಾವ ಮಾತು ಮರೆತ ನಟನಂತೆ ನನ್ನತ್ತ ನೋಡಿದರು. ಅವರು ಜಗುಲಿಯ ಮೇಲೆ ಕುಸಿದು, ಟವೆಲ್ಲಿನಲ್ಲಿ ಮುಖ ಮುಚ್ಚಿಕೊಂಡರು.

"ಇದ ಯಾಕ್ಲಾ ಏಳ್ಕೊಡ್ಲಿಲ್ಲ ನೀನು?"