ನಮ್ಮ ಮುಂದೆ ಯಾರಿದ್ದಾರೆ?

ಅಮೆರಿಕಾದಲ್ಲಿ ಕಾಫಿ ಬೇಗ ಬರುತ್ತದೆ, ಪಿಜ್ಜಾ ಬೇಗ ಬರುತ್ತದೆ, ಅಕ್ಕ ಮಾತ್ರ ಬೇಗ ಬರುವುದಿಲ್ಲ. ನಾನು ಸಿಟಿಜನ್ ಆದ ಕೂಡಲೇ ಬೆಂಗಳೂರಿನ ಅಕ್ಕ-ಭಾವನ ಗ್ರೀನ್ ಕಾರ್ಡಿಗೆ ಅರ್ಜಿ ಹಾಕಿದೆ. ಒಂದೇ ಚಾಪೆಯಲ್ಲಿ ಮಲಗಿ ಬೆಳೆದವರು ನಾವು. ಅವಳಿಲ್ಲದೆ ಈ ಮಾರ್ಗನ್ ಹಿಲ್‌ನಲ್ಲಿ ನನಗೆ ಹಬ್ಬ ಹಬ್ಬದ ಹಾಗೇ ಇರಲಿಲ್ಲ. ಬರೀ ಕಾಯುವುದರಲ್ಲಿ ನಗುವಂಥದ್ದೇನಿದೆ ಅನ್ನಬೇಡಿ. ನಮ್ಮಕ್ಕ ಕಾಯುತ್ತಿದ್ದರೆ ಏನಾದರೊಂದು ಆಗುತ್ತಲೇ ಇರುತ್ತದೆ.

ಸೀಮೆಎಣ್ಣೆ ಕ್ಯೂ

"ಒಡಹುಟ್ಟಿದವರ ಸಾಲು ಬಹಳ ಉದ್ದ, ಹತ್ತು-ಹನ್ನೆರಡು ವರ್ಷ ಆಗಬಹುದು" ಅಂದರು ಲಾಯರು. ಅಕ್ಕ ಅಳುತ್ತಾಳೇನೋ ಅಂತ ಹೆದರುತ್ತಲೇ ಫೋನ್ ಮಾಡಿದೆ. ಅವಳು ಕೇಳಿದ್ದು ಒಂದೇ ಮಾತು: "ನಮ್ಮ ಮುಂದೆ ಯಾರಿದ್ದಾರೆ?"

ಅವಳು ಸೀಮೆಎಣ್ಣೆ ಕ್ಯೂನಲ್ಲಿ ಪಳಗಿದವಳು. ಮುಂದಿನವರ ಮುಖ ನೋಡಿಕೊಂಡು, "ನಾನು ನಿಮ್ಮ ಹಿಂದೆ" ಅಂತ ಹೇಳಿ, ಡಬ್ಬ ಇಟ್ಟು, ಮನೆಗೆ ಹೋಗಿ ಅನ್ನಕ್ಕಿಟ್ಟು ಬರುತ್ತಿದ್ದಳು. ನಾನೂ ಪೆದ್ದಿಯ ಹಾಗೆ ಲಾಯರನ್ನು ಕೇಳಿದೆ. ಅವರು ಕನ್ನಡಕ ತೆಗೆದು ನನ್ನನ್ನು ನೋಡಿ, "ಅದು ಯಾರಿಗೂ ಗೊತ್ತಿರುವುದಿಲ್ಲ" ಅಂದರು.

"ಮುಂದಿರೋರು ಯಾರು ಅಂತ ಗೊತ್ತಿಲ್ದೆ ಅದೆಂಥ ಕ್ಯೂನೇ?" ಅಂದಳು ಅಕ್ಕ. "ಮಧ್ಯೆ ಯಾರಾದ್ರೂ ನುಗ್ಗಿದ್ರೆ ಜಗಳ ಆಡೋದಾದ್ರೂ ಹೇಗೆ?"

ಕೊತ್ತಂಬರಿ ಡಾಟ್‌ಕಾಮು

ಪಕ್ಕದ ಮನೆಯ ಬೆಂಗಳೂರಿನ ಹುಡುಗ ಇದ್ದ ಕೆಲಸ ಬಿಟ್ಟು, ಇಂಟರ್‌ನೆಟ್ಟಿನಲ್ಲಿ ಕೊತ್ತಂಬರಿ ಸೊಪ್ಪು ಮಾರುವ ಕಂಪನಿ ತೆಗೆದ. "ಆಂಟಿ, ಈಗೆಲ್ಲ ಇಂಟರ್‌ನೆಟ್ ಸ್ಪೀಡು. ನಿಮ್ಮಕ್ಕ ಬರೋದ್ರೊಳಗೆ ನಾನು ರಿಟೈರ್ ಆಗಿರ್ತೀನಿ" ಅಂತ ನನ್ನನ್ನು ರೇಗಿಸುತ್ತಿದ್ದ. ಆ ಕಂಪನಿ ಹುಟ್ಟಿತು, ನಮಗೆಲ್ಲ ಟೀ ಶರ್ಟು ಹಂಚಿತು, ಮುಚ್ಚಿಯೂ ಹೋಯಿತು. ಅಷ್ಟರಲ್ಲಿ ಅರ್ಜಿ ಹಾಕಿದ ತಾರೀಕಿನ ಮೇಲೆ ನಡೆಯುವ ನಮ್ಮ ಕ್ಯೂ, ಸರ್ಕಾರದ ಲೆಕ್ಕದಲ್ಲಿ ಚೂರು ಮುಂದೆ ಹೋಗಿ, ಮತ್ತೆ ಹಿಂದಕ್ಕೇ ಬಂದಿತ್ತು.

ಅದಕ್ಕೆ ಅಕ್ಕ, "ನಮ್ಮ ಮುಂದಿರೋರನ್ನೂ ಹಿಂದಕ್ಕೆ ತಳ್ಳಿದ್ರು ತಾನೇ? ಹಾಗಾದ್ರೆ ಸರಿ" ಅಂದಳು.

ಹುಡುಗ ಮಾತ್ರ ಒಂದು ದಿನ ಸಪ್ಪೆ ಮುಖ ಮಾಡಿಕೊಂಡು ಬಂದ. "ಆಂಟಿ, ಆ ಕ್ಯೂ ನಡೆಸೋ ಆಫೀಸಲ್ಲಿ ಕೆಲಸ ಖಾಲಿ ಇದ್ಯಾ? ಅದು ಮುಚ್ಚೋ ಹಾಗೆ ಕಾಣಲ್ಲ."

ಆಷಾಢದ ಗಡಿ

ಕೊನೆಗೂ ಮದ್ರಾಸಿನಲ್ಲಿ ವೀಸಾ ಇಂಟರ್‌ವ್ಯೂ ಅಂತ ಬಂತು. ನಾನು ಕುಣಿದಾಡಿದೆ. ಅಕ್ಕ ಪಂಚಾಂಗ ನೋಡಿದಳು.

"ಆಷಾಢ ಕಣೇ. ಒಳ್ಳೇ ಕೆಲಸಕ್ಕೆ ಹೊರಡಲ್ಲ."

"ಇದು ತಪ್ಪಿದ್ರೆ ಮತ್ತೆ ಯಾವಾಗಲೋ ಅಕ್ಕಾ!"

"ನಾವು ಇಷ್ಟು ವರ್ಷ ಕಾದಿಲ್ವಾ? ಒಂದು ತಿಂಗಳು ಅವರು ಕಾಯ್ಲಿ."

ನನಗೆ ನಿಜವಾಗಿಯೂ ಅಳು ಬಂತು. ಕಾಪಾಡಿದವರು ಎದುರು ಮನೆಯ ತಮಿಳು ಮಾಮಿ. ಅವರ ಪಂಚಾಂಗದ ಪ್ರಕಾರ ಅವರ ಆಷಾಢ ಶುರುವಾಗಲು ಇನ್ನೂ ಎರಡು ವಾರ ಇತ್ತು. ಓಡಿ ಬಂದು ಫೋನ್ ಮಾಡಿ, "ಅಕ್ಕಾ, ಮದ್ರಾಸಿಗೆ ಇನ್ನೂ ಆಷಾಢ ಬಂದಿಲ್ಲ!" ಅಂದೆ.

ಅಕ್ಕ ಲೆಕ್ಕ ಹಾಕಿದಳು. "ಹಾಗಾದ್ರೆ ನಮ್ಮ ಆಷಾಢ ತಮಿಳುನಾಡಿನ ಜೋಲಾರಪೇಟೆವರೆಗೆ ತಾನೇ? ಅಲ್ಲೀತನಕ ರೈಲಲ್ಲಿ ಕಣ್ಮುಚ್ಕೊಂಡಿರ್ತೀನಿ."

ಸರದಿ

ಶ್ರಾವಣದಲ್ಲಿ ಅಕ್ಕ-ಭಾವ ಬಂದಿಳಿದರು. ಏರ್‌ಪೋರ್ಟಿನಲ್ಲಿ ನನ್ನ ಪಕ್ಕ ಬಿಳಿ ಗಡ್ಡದ ಯಜಮಾನರೊಬ್ಬರು ಬಾಗಿಲನ್ನೇ ನೋಡುತ್ತ ನಿಂತಿದ್ದರು. ಅಕ್ಕ ಕಂಡಳು. ನಾನು ಓಡಿಹೋಗಿ ತಬ್ಬಿಕೊಳ್ಳಬೇಕು, ಅಷ್ಟರಲ್ಲಿ ಅವಳು ಟ್ರಾಫಿಕ್ ಪೊಲೀಸಿನ ಹಾಗೆ ಕೈ ಎತ್ತಿದಳು.

"ನಿಂತ್ಕೊಳೇ. ಮೊದಲು ಇವರು."

ಅವಳ ಜೊತೆ ಬುರ್ಖಾ ತೊಟ್ಟ ಹೆಂಗಸೊಬ್ಬರಿದ್ದರು. ಗದಗಿನವರು. ಮದ್ರಾಸಿನಲ್ಲಿ ಇಂಟರ್‌ವ್ಯೂಗೆ ಕೂತವರನ್ನೆಲ್ಲ ಅಕ್ಕ "ಯಾವತ್ತು ಅರ್ಜಿ ಹಾಕಿದ್ದು?" ಅಂತ ವಿಚಾರಿಸಿ ಈಕೆಯನ್ನು ಹಿಡಿದಿದ್ದಳು. ಈಕೆಯ ಅರ್ಜಿ ನಮ್ಮದಕ್ಕಿಂತ ಒಂದು ದಿನ ಮುಂಚಿನದು. ಆಮೇಲೆ ವಿಮಾನಕ್ಕೂ ಜೊತೆಯಾಗಿಯೇ ಹತ್ತಿದ್ದರು.

"ಇವರೇ ಕಣೇ, ನಮ್ಮ ಮುಂದಿದ್ದೋರು!"

"ಇರ್ಲಿ ಬಿಡ್ರೀ ಅಕ್ಕಾರ, ನೀವ ಮೊದಲ ಮಾತಾಡ್ರಿ" ಅಂದರು ಆಕೆ.

"ಛೇ, ಕ್ಯೂ ಅಂದ್ರೆ ಕ್ಯೂ" ಅಂದಳು ಅಕ್ಕ.

ನನ್ನ ಪಕ್ಕದಲ್ಲಿದ್ದ ಯಜಮಾನರು ನಮ್ಮ ಪಕ್ಕದೂರು ಗಿಲ್‌ರಾಯ್‌ನಿಂದ ಬಂದಿದ್ದ ಆಕೆಯ ಅಣ್ಣ. ತಂಗಿಯನ್ನು ಅಪ್ಪಿಕೊಂಡು ಬಿಕ್ಕಿ ಬಿಕ್ಕಿ ಅತ್ತರು. ನಾನು ಎರಡು ಹೆಜ್ಜೆ ದೂರದಲ್ಲಿ ನಿಂತು, ಅವರನ್ನು ನೋಡಿ ಅತ್ತೆ. ಅವರು ಕಣ್ಣೊರೆಸಿಕೊಂಡು ಪಕ್ಕಕ್ಕೆ ಸರಿಯುವವರೆಗೂ ಅಕ್ಕ ಅಲ್ಲಾಡಲಿಲ್ಲ.

ಆಮೇಲೆ ಎರಡೂ ಕೈ ಚಾಚಿ, "ಹೂಂ, ಈಗ ಬಾರೇ. ನಮ್ಮ ಸರದಿ" ಅಂದಳು.