ಕುಲುಮೆಯಲ್ಲಿ ನಾನೂರ ಹನ್ನೆರಡು ರೋಗಿಗಳು

ಮೇಜು ಒರೆಸಿದ್ದರಿಂದ ಯಾರ ಕೆಲಸಕ್ಕೂ ಕುತ್ತು ಬಂದ ಉದಾಹರಣೆ ಈವರೆಗೆ ಇರಲಿಲ್ಲ. ಆದರೆ ಹಿಂದಿನ ದಿನ ಸಂಜೆ ಸಂಶೋಧನಾ ಸಂಸ್ಥೆಯ ಅಟೆಂಡರು, ಕರಡು ತಿದ್ದುವವನ ಮೇಜು ಒರೆಸಲು ಹೋಗಿ, ಅಲ್ಲಿದ್ದ ಕಾಗದದ ಕಟ್ಟನ್ನು ಕೈಜಾರಿ ಬೀಳಿಸಿದ್ದ. ಬಿದ್ದದ್ದನ್ನೆಲ್ಲ ಶ್ರದ್ಧೆಯಿಂದ ಬಾಚಿ, ಅಂಚು ತಟ್ಟಿ, ಮೊದಲಿಗಿಂತ ಅಂದವಾಗಿ ಜೋಡಿಸಿಟ್ಟು ಹೋಗಿದ್ದ.

ಕರಡು ತಿದ್ದುವವನಿಗೆ ಅಲ್ಲಿ ಎಲ್ಲರೂ ಇಟ್ಟಿದ್ದ ಹೆಸರು ಅಲ್ಪವಿರಾಮ. ವಾಕ್ಯ ಕಂಡಲ್ಲೆಲ್ಲ ಒಂದು ಅಲ್ಪವಿರಾಮ ಹಾಕುವುದು ಅವನ ಚಟ. ಮಾತಾಡುವಾಗಲೂ ನಾಲ್ಕು ಪದಕ್ಕೊಮ್ಮೆ ಉಗುಳು ನುಂಗಿ ನಿಲ್ಲುತ್ತಿದ್ದ. ಏಳು ವರ್ಷದಿಂದ ಹಂಗಾಮಿ ನೌಕರ. ಮೇಜು ಒರೆಸಿದ ಮರುದಿನ ಮಧ್ಯಾಹ್ನ ಮೂರು ಗಂಟೆಗೆ ಅನುದಾನ ಸಮಿತಿಯ ಸಭೆಯಿತ್ತು. ಸಭೆ ಸುಸೂತ್ರವಾಗಿ ಮುಗಿದರೆ ಸಂಜೆಯೇ ಅವನನ್ನು ಕಾಯಂ ಮಾಡುವ ಆದೇಶಕ್ಕೆ ಸಹಿ ಹಾಕುವೆನೆಂದು ನಿರ್ದೇಶಕರು ಮಾತು ಕೊಟ್ಟಿದ್ದರು. ಈ ಸುದ್ದಿಯನ್ನು ಅವನ ಹೆಂಡತಿ ಆಗಲೇ ತನ್ನ ಅಕ್ಕನಿಗೆ, ಅತ್ತಿಗೆಗೆ, ಮಹಡಿ ಮೇಲಿನವರಿಗೆ, ಮಹಡಿ ಕೆಳಗಿನವರಿಗೆ ಹಂಚಿಯಾಗಿತ್ತು.

ಆ ಕಟ್ಟು ರಾತ್ರಿಯೇ ಬೈಂಡಿಂಗ್ ಅಂಗಡಿಗೆ ಹೋಗಿ, ಬೆಳಗ್ಗೆ ಒಂಬತ್ತಕ್ಕೆ ಅಲ್ಲಿಂದ ಆರು ನಕಲು ಪ್ರತಿ ಬಂದವು. ಮೂರು ವಿಭಾಗಗಳ ಮೂರು ವರದಿಗಳು ಒಂದೇ ರಟ್ಟಿನೊಳಗೆ. ಅಟೆಂಡರು ಐದನ್ನು ಹಂಚಿಬಂದ. ಆರನೆಯದನ್ನು ಅಲ್ಪವಿರಾಮ ಹತ್ತು ಗಂಟೆಗೆ, ಕಾಫಿ ಕುಡಿಯುತ್ತ, ಹೆತ್ತ ಮಗುವಿನ ಮುಖ ನೋಡುವವನಂತೆ ತೆರೆದ.

“ಆಸ್ಪತ್ರೆಗೆ ದಾಖಲಾದವರಲ್ಲಿ ಒಟ್ಟು ನಾನೂರ ಹನ್ನೆರಡು ರೋಗಿಗಳನ್ನು ಆಯ್ದುಕೊಂಡು” ಎಂದು ಒಂದು ಪುಟ ಮುಗಿದಿತ್ತು. ಮುಂದಿನ ಪುಟ ಶುರುವಾಗಿದ್ದು ಹೀಗೆ: “ಎಂಟುನೂರು ಡಿಗ್ರಿ ಕುಲುಮೆಯಲ್ಲಿ ಎರಡು ಗಂಟೆ ಕಾಯಿಸಿ, ನಿಧಾನವಾಗಿ ತಣಿಸಲಾಯಿತು. ಇದರಿಂದ ಗಡಸುತನ ಕಡಿಮೆಯಾಗಿ ಸುಲಭವಾಗಿ ಬಾಗತೊಡಗಿದವು.”

ಕಾಫಿ ಲೋಟ ಕೆಳಗಿಟ್ಟ. ಅವನು ಇನ್ನೊಂದು ಪುಟ ತಿರುವಿದ. ಕೆರೆಯಂಚಿನ ಜೊಂಡು ಸರಾಸರಿ ಏಳು ದಿನ ಆಸ್ಪತ್ರೆಯಲ್ಲಿದ್ದು, ಅದರಲ್ಲಿ ನಾಲ್ಕು ದಿನ ವಿಶೇಷ ಕೊಠಡಿ ಪಡೆದಿತ್ತು. ಮತ್ತೊಂದು ಪುಟದಲ್ಲಿ, ಗುಣ ಕಾಣದ ವೃದ್ಧರನ್ನು ಬೇರುಸಹಿತ ಕಿತ್ತು, ಮಣ್ಣು ಕೊಡವಿ, ನೆರಳಿನಲ್ಲಿ ಒಣಗಿಸಲಾಗಿತ್ತು.

ಪುಟಸಂಖ್ಯೆ ನೋಡೋಣವೆಂದರೆ ಪುಟಸಂಖ್ಯೆಯೇ ಇಲ್ಲ. ಮೂರು ವರದಿಗಳಲ್ಲೂ ‘ಒಂದು’ ಅಂತ ಶುರುವಾದರೆ ಗೊಂದಲವಾಗುತ್ತದೆಂದು, ಬುದ್ಧಿವಂತಿಕೆ ಮಾಡಿ ಅವನೇ ಅಳಿಸಿಹಾಕಿದ್ದ.

“ಅಣ್ಣಾ, ನನ್ನ ಮೇಜಿನ ಮೇಲೆ, ಕಾಗದದ ಕಟ್ಟೊಂದಿತ್ತಲ್ಲ, ಅದನ್ನ ಯಾರಾದ್ರೂ, ಮುಟ್ಟಿದ್ರಾ?”

“ನಾನೇ ಸಾರ್,” ಎಂದ ಅಟೆಂಡರು, ಹೊಗಳಿಕೆಗೆ ಕಾದವನಂತೆ. “ಬಿದ್ದುಹೋಗಿತ್ತು. ಒಂದೂ ಬಿಡದ ಹಾಗೆ ಎತ್ತಿಟ್ಟೆ. ಎಣಿಸಿದೆ ಬೇಕಾದ್ರೆ, ತೊಂಬತ್ತಾರು ಹಾಳೆ.”

“ಹಾಳೆ ಸರಿ, ಸಾಲು?”

“ಸಾಲಾಗೇ ಇಟ್ಟಿದ್ದೀನಲ್ಲ ಸಾರ್!”

ಇದ್ದದ್ದು ಒಂದೇ ದಾರಿ. ಮೂಲ ಪ್ರತಿ ಕಂಪ್ಯೂಟರಿನಲ್ಲಿತ್ತು. ಮತ್ತೆ ಮುದ್ರಿಸಿ, ಬೈಂಡಿಂಗ್ ಅಂಗಡಿಯವನ ಗಲ್ಲ ಹಿಡಿದು ಬೇಡಿಕೊಂಡು, ಹನ್ನೆರಡರ ಹೊತ್ತಿಗೆ ಐದು ಸರಿಯಾದ ಪ್ರತಿ ಕಟ್ಟಿಸಿದ. ರಟ್ಟು ಅದೇ ನೀಲಿ. ಇನ್ನು ಯಾರಿಗೂ ಗೊತ್ತಾಗದಂತೆ ಅದಲುಬದಲು ಮಾಡಿದರೆ ಪಾರಾದಂತೆ.

ಮೊದಲು ಹೋದದ್ದು ಗಿಡದ ಮೇಡಂ ಕೋಣೆಗೆ. ಸಸ್ಯ ಪರಿಸರ ವಿಭಾಗದ ಮುಖ್ಯಸ್ಥೆ ಅವರು. ಹನ್ನೊಂದು ವರ್ಷ ಮೊಣಕಾಲುದ್ದ ಕೆಸರಿನಲ್ಲಿ ನಿಂತು ಜೊಂಡನ್ನು ಅಭ್ಯಾಸ ಮಾಡಿದವರು. ಕೋಣೆಯಲ್ಲಿ ಅವರ ಜೊತೆ ಲೋಹದ ಡಾಕ್ಟರೂ ಖರ್ಚಿನ ಪ್ರೊಫೆಸರೂ ನಿಂತಿದ್ದರು. ಲೋಹದ ಡಾಕ್ಟರು ಉಕ್ಕಿನ ತಗಡನ್ನು ಕಾಯಿಸುವವರು. ಖರ್ಚಿನ ಪ್ರೊಫೆಸರು ಆಸ್ಪತ್ರೆಗಳ ವೆಚ್ಚ ಯಾಕೆ ಏರುತ್ತದೆಂದು ಲೆಕ್ಕ ಹಾಕುವವರು. ಎಂಟು ವರ್ಷದಿಂದ ಪರಸ್ಪರ ಮಾತು ಬಿಟ್ಟಿದ್ದ ಮೂವರೂ ಈಗ ಏಕಕಾಲಕ್ಕೆ ಕೂಗಾಡುತ್ತಿದ್ದರು.

“ನನ್ನ ಜೊಂಡಿಗೆ ಬೆನ್ನುನೋವು ಅಂತ ಬರೆದಿದ್ದೀರಲ್ರೀ!” ಎಂದರು ಮೇಡಂ, ಕಣ್ಣಲ್ಲಿ ನೀರು ತುಂಬಿಕೊಂಡು.

“ನಿಮ್ಮ ಜೊಂಡಿನ ಮನೆ ಹಾಳಾಗ! ನನ್ನ ಉಕ್ಕಿಗೆ ವಾರಕ್ಕೆರಡು ಸಲ ನೀರು ಹಾಕಿ ಅಂತಿದೆ ಇಲ್ಲಿ. ತುಕ್ಕು ಹಿಡಿಯಲ್ವಾ?” ಎಂದರು ಲೋಹದ ಡಾಕ್ಟರು.

ಖರ್ಚಿನ ಪ್ರೊಫೆಸರು ಮಾತ್ರ ಗೋಡೆಗೊರಗಿ, ಬೆವರು ಒರೆಸಿಕೊಳ್ಳುತ್ತ ಮೆಲ್ಲಗೆ ಹೇಳಿದರು: “ನಾನೂರ ಹನ್ನೆರಡು ಜನ. ಕುಲುಮೆಗೆ ಹಾಕಿಬಿಟ್ಟಿದ್ದೀವಿ. ಪೊಲೀಸರು ಬರ್ತಾರೆ.”

ಅಲ್ಪವಿರಾಮ ಬಾಗಿಲು ಹಾಕಿ, ಮೂವರ ಕಾಲನ್ನೂ ಸಾಲಾಗಿ ಹಿಡಿದ. ನಡೆದದ್ದೆಲ್ಲ ಹೇಳಿದ. ಸರಿಯಾದ ಪ್ರತಿ ಕೈಗೆ ಬಂದ ಮೇಲೆ ಅವರ ಉಸಿರು ಸಮಕ್ಕೆ ಬಂತು.

“ನಿರ್ದೇಶಕರ ಪ್ರತಿ? ಸಮಿತಿ ಅಧ್ಯಕ್ಷೆಯ ಪ್ರತಿ?” ಎಂದು ಕೇಳಿದರು ಮೇಡಂ.

“ಅದಕ್ಕೇ, ಹೊರಟಿದ್ದೀನಿ.”

“ಹಾಗಾದ್ರೆ ನಾವು ನಿಮ್ಮನ್ನ ನೋಡೇ ಇಲ್ಲ,” ಎಂದರು ಮೂವರೂ. ಎಂಟು ವರ್ಷದಲ್ಲಿ ಅವರು ಒಪ್ಪಿಕೊಂಡ ಮೊದಲ ಮಾತು ಅದು.

ನಿರ್ದೇಶಕರು ಪುಸ್ತಕವನ್ನು ಇನ್ನೂ ತೆರೆದಿರಲಿಲ್ಲ. ಅದರ ಮೇಲೆ ಎರಡೂ ಮೊಣಕೈ ಊರಿ ಫೋನಿನಲ್ಲಿ ಮಾತಾಡುತ್ತಿದ್ದರು. ಮೊಣಕೈ ಏಳುವ ಲಕ್ಷಣವೇ ಇಲ್ಲ. ಅಲ್ಪವಿರಾಮ ಬಾಗಿಲಲ್ಲಿ ನಿಂತು ಹಲ್ಲುನೋವು ಬಂದವನಂತೆ ಒದ್ದಾಡುತ್ತಿದ್ದಾಗ, ಅಟೆಂಡರು ಓಡಿಬಂದು, “ಸಾರ್, ನಿಮ್ಮ ಕಾರಿನ ಗಾಳಿ ಹೋಗಿದೆ!” ಎಂದು ಕೂಗಿದ. ನಿರ್ದೇಶಕರು ಫೋನ್ ಬಿಸಾಕಿ ಹೊರಗೋಡಿದರು. ಅಲ್ಪವಿರಾಮ ಕಣ್ಣೆವೆ ಮುಚ್ಚುವಷ್ಟರಲ್ಲಿ ಪುಸ್ತಕ ಬದಲಾಯಿಸಿದ.

“ಒಳ್ಳೆ ಸುಳ್ಳು ಹೊಳೀತಣ್ಣಾ, ನಿನಗೆ!”

“ಸುಳ್ಳು ಹೇಳೋದು ನನಗಾಗಲ್ಲ ಸಾರ್,” ಎಂದ ಅಟೆಂಡರು ನೊಂದುಕೊಂಡು. “ನಾಲ್ಕೂ ಚಕ್ರದ ಗಾಳಿ ಬಿಟ್ಟೇ ಬಂದೆ.”

ಅಷ್ಟರಲ್ಲಿ ಹೆಂಡತಿಯ ಫೋನ್. “ರೀ, ಕಾಯಂ ಆಯ್ತಾ?”

“ಸಭೆಯೇ ಇನ್ನೂ, ಶುರುವಾಗಿಲ್ಲ ಕಣೇ!”

“ಅಕ್ಕ ಬಂದು ಕೂತಿದ್ದಾಳೆ. ಬೇಗ ಮಾಡಿ.”

ಉಳಿದದ್ದು ಅಧ್ಯಕ್ಷೆಯ ಪ್ರತಿ. ನಲವತ್ತು ವರ್ಷ ಶಸ್ತ್ರಚಿಕಿತ್ಸೆ ಮಾಡಿ ನಿವೃತ್ತರಾದ ಆ ಹಿರಿಯ ವೈದ್ಯೆ, ಹಿಂಬದಿಯ ಅತಿಥಿಗೃಹದ ಎರಡನೇ ಕೋಣೆಯಲ್ಲಿ ಇಳಿದಿದ್ದರು. ಅಲ್ಪವಿರಾಮ ಹೋದಾಗ ಬಾಗಿಲು ಅರೆತೆರೆದಿತ್ತು. ಬಚ್ಚಲಿನಲ್ಲಿ ನೀರಿನ ಸದ್ದು. ಮೇಜಿನ ಮೇಲೆ ನೀಲಿ ರಟ್ಟು, ಅದರ ಮೇಲೆ ಕನ್ನಡಕದ ಡಬ್ಬಿ. ಅಂದರೆ ಓದಿಲ್ಲ! ಬೆಕ್ಕಿನ ಹೆಜ್ಜೆ ಇಟ್ಟು ಒಳಗೆ ಹೋಗಿ, ಡಬ್ಬಿ ಎತ್ತಿ, ಪುಸ್ತಕ ಬದಲಿಸಿ, ಡಬ್ಬಿ ಮತ್ತೆ ಅದೇ ಓರೆಯಲ್ಲಿ ಇಟ್ಟ. ಹೊರಬರುವಷ್ಟರಲ್ಲಿ ನೀರಿನ ಸದ್ದು ನಿಂತಿತು. ಬಾಗಿಲಿಗೆ ಹೋಗುವ ಧೈರ್ಯವಾಗದೆ ಕಿಟಕಿಯಿಂದ ಧುಮುಕಿ, ಗಿಡದ ಮೇಡಂ ಪ್ರಯೋಗಕ್ಕೆಂದು ಬೆಳೆಸಿದ್ದ ಜೊಂಡಿನ ತೊಟ್ಟಿಯಲ್ಲಿ ಸೊಂಟದವರೆಗೆ ಇಳಿದ.

ಹಳೆಯ ಪ್ರತಿಗಳನ್ನೆಲ್ಲ ಕಾಗದ ಕತ್ತರಿಸುವ ಯಂತ್ರಕ್ಕೆ ತಿನ್ನಿಸಿದ. ನಾನೂರ ಹನ್ನೆರಡು ರೋಗಿಗಳು ಶಾವಿಗೆಯಂತೆ ಕೆಳಗಿಳಿದರು. ಅಲ್ಪವಿರಾಮ ಒದ್ದೆ ಪ್ಯಾಂಟನ್ನು ಹಿಂಡುತ್ತ, ಏಳು ವರ್ಷದಲ್ಲಿ ಮೊದಲ ಸಲ ಶಿಳ್ಳೆ ಹಾಕಿದ.

ಮೂರು ಗಂಟೆಗೆ ಸಭೆ ಕೂಡಿತು. ಅಧ್ಯಕ್ಷೆ ನಡುವೆ, ನಿರ್ದೇಶಕರು ಅವರ ಬಲಕ್ಕೆ, ಮೂವರು ವಿಜ್ಞಾನಿಗಳು ಎದುರಿಗೆ. ನೀರಿನ ಲೋಟಗಳ ಹಿಂದೆ, ಮೂಲೆಯ ಕುರ್ಚಿಯಲ್ಲಿ, ಕೆಸರಿನ ವಾಸನೆಯೊಂದಿಗೆ ಅಲ್ಪವಿರಾಮ. ಅಧ್ಯಕ್ಷೆ ಪುಸ್ತಕ ತೆರೆದರು. ಹಿಂದೆ ತಿರುವಿದರು. ಮುಂದೆ ತಿರುವಿದರು. ಹುಬ್ಬು ಗಂಟಾಯಿತು.

“ಇದು ನನ್ನ ಪ್ರತಿ ಅಲ್ಲ,” ಎಂದರು. “ನನ್ನದರಲ್ಲಿ ಕೆಂಪು ಪೆನ್ಸಿಲಿನ ಗೆರೆ ಹಾಕಿದ್ದೆ. ಬೆಳಗ್ಗೆ ತಿಂಡಿ ತಿನ್ನುವಾಗಲೇ ಪೂರ್ತಿ ಓದಿ ಮುಗಿಸಿದ್ದೀನಿ.”

ಮೂಲೆಯಲ್ಲಿ ಕುರ್ಚಿ ಕಿರುಗುಟ್ಟಿತು.

“ಪೂರ್ತಿ… ಓದಿದ್ರಾ?” ಎಂದರು ಖರ್ಚಿನ ಪ್ರೊಫೆಸರು. ಅವರ ಮುಖ ಸುಣ್ಣ ಬಳಿದಂತಾಗಿತ್ತು.

“ಓದಿದೆ. ರೋಗಿಗಳನ್ನ ಕುಲುಮೆಗೆ ಹಾಕೋ ಕಡೆ ನಗು ಬಂತು. ಅಚ್ಚಿನ ತಪ್ಪು ಅಂತ ಬಿಟ್ಟೆ. ನಾನು ಇದಕ್ಕಿಂತ ವಿಚಿತ್ರವಾದ ಡಿಸ್ಚಾರ್ಜ್ ಪತ್ರಗಳನ್ನ ಓದಿದೀನಿ. ಆದರೆ ನಡುವೆ ಮೂರು ಪುಟ ಇತ್ತಲ್ಲ, ಅದನ್ನ ಓದಿ ಕಾಫಿ ಆರಿಸಿಬಿಟ್ಟೆ. ಈಗ ಆ ಮೂರು ಪುಟ ಇಲ್ಲಿಲ್ಲ.”

ಅವರು ಚೀಲದಿಂದ ಸಣ್ಣ ನೋಟು ಪುಸ್ತಕ ತೆಗೆದು ಓದಿದರು: “ಗಾಯಕ್ಕೆ ನಂಜು ಹತ್ತಿಸಿ, ರೋಗಿ ಇನ್ನೂ ಹತ್ತು ದಿನ ಮಲಗುವಂತೆ ಮಾಡುವುದು ಮಂಚದ ಕಂಬಿಗಳೇ. ಈ ಕಂಬಿಗಳ ಮೇಲೆ ಜೊಂಡಿನ ರಸ ತಗುಲಿದರೆ ಸಾಕು, ಅಲ್ಲಿ ಬೇರೇನೂ ಬೆಳೆಯುವುದಿಲ್ಲ. ತೆಳುವಾಗಿ ಲೇಪಿಸಿ ಹದವಾಗಿ ಕಾಯಿಸಿದರೆ ಹತ್ತು ವರ್ಷ ಬಾಳುತ್ತದೆ. ಚಿಕಿತ್ಸೆಯ ವೆಚ್ಚ ಮೂರರಲ್ಲಿ ಒಂದು ಪಾಲು ಇಳಿಯುತ್ತದೆ.”

ಮೂವರು ವಿಜ್ಞಾನಿಗಳು ಬಾಯಿ ಬಿಟ್ಟುಕೊಂಡು ಒಬ್ಬರನ್ನೊಬ್ಬರು ನೋಡಿದರು. ಹಾಗೆ ಯಾರೂ ಬರೆದಿರಲಿಲ್ಲ. ಒಬ್ಬರ ಪುಟದ ಕೊನೆಗೆ ಇನ್ನೊಬ್ಬರ ಪುಟದ ತಲೆ ಅಂಟಿಕೊಂಡಿತ್ತು, ಅಷ್ಟೇ. ಜೊಂಡಿನ ರಸ ಬಿದ್ದಲ್ಲಿ ಬೆಳೆಯದಿದ್ದದ್ದು ಪಾಚಿ. ಹತ್ತು ವರ್ಷ ಬಾಳುತ್ತಿದ್ದದ್ದು ಸತುವಿನ ಲೇಪ.

“ಇದಲ್ಲದೆ ಸಂಶೋಧನೆ ಅಂದ್ರೆ ಇನ್ನೇನು?” ಎಂದರು ಅಧ್ಯಕ್ಷೆ. “ಐದು ವರ್ಷದ ಅನುದಾನ ಕೊಡೋಣ ಅಂತಲೇ ಬಂದೆ. ಇದು ಯಾರದ್ದು?”

“ನಮ್ಮದು ಅ…” ಎಂದು ಶುರುಮಾಡಿದ್ದ ಲೋಹದ ಡಾಕ್ಟರು, ಐದು ವರ್ಷ ಎಂಬ ಮಾತು ನೆನಪಾದದ್ದೇ, “…ಲ್ಲದೆ ಇನ್ಯಾರದ್ದು!” ಎಂದು ಮುಗಿಸಿದರು. “ಲೇಪನ ನನ್ನದು.”

“ಜೊಂಡು ಇಲ್ಲದೆ ಏನ್ರೀ ಲೇಪಿಸ್ತೀರಿ?” ಎಂದು ಎದ್ದರು ಮೇಡಂ.

“ಮಂಚ ನನ್ನದು!” ಎಂದು ಖರ್ಚಿನ ಪ್ರೊಫೆಸರು ಮೇಜು ಗುದ್ದಿದರು.

“ಹಾಗಾದ್ರೆ ಆ ಪುಟಗಳನ್ನ ತೆಗೆದವರು ಯಾರು?” ಎಂದು ಕೇಳಿದರು ಅಧ್ಯಕ್ಷೆ.

ಮೂರು ಬೆರಳು ಒಟ್ಟಿಗೆ ಮೂಲೆಯ ಕುರ್ಚಿಯತ್ತ ಚಾಚಿದವು.

ಅಲ್ಪವಿರಾಮ ಎದ್ದುನಿಂತ. ಜೀವನದಲ್ಲಿ ಮೊದಲ ಬಾರಿಗೆ ಒಂದೂ ಅಲ್ಪವಿರಾಮವಿಲ್ಲದೆ ಮಾತಾಡಿದ: “ಅಮ್ಮಾ ಅದು ಸಂಶೋಧನೆ ಅಲ್ಲ ಹಾಳೆ ಬಿದ್ದು ಕಲೆಸಿಹೋಗಿತ್ತು ನಾನು ಸರಿ ಮಾಡಿದೆ ಅಷ್ಟೇ!”

“ಸರಿ ಮಾಡೋದಕ್ಕೆ ನನ್ನ ಕೋಣೆಗೆ ಕಳ್ಳನ ಹಾಗೆ ನುಗ್ಗಬೇಕಿತ್ತೇನಪ್ಪಾ? ಕಿಟಕಿಯಿಂದ ಹಾರಿದ್ದನ್ನ ನಾನೇ ನೋಡಿದೆ.”

“ನನ್ನ ಕಾರಿನ ನಾಲ್ಕೂ ಚಕ್ರ!” ಎಂದು ನಿರ್ದೇಶಕರಿಗೆ ಆಗ ಹೊಳೆಯಿತು. “ಹಳೆ ಪ್ರತಿ ಎಲ್ರೀ?”

“ಯಂತ್ರಕ್ಕೆ, ಹಾಕಿದೆ, ಸಾರ್.”

ಅಧ್ಯಕ್ಷೆ ಕನ್ನಡಕ ತೆಗೆದು, ಅವನ ಒದ್ದೆ ಪ್ಯಾಂಟನ್ನು ನೋಡಿದರು. “ಇವನ ಮುಖ ನೋಡಿದ್ರೆ ಸುಳ್ಳು ಹೇಳೋನ ಹಾಗೆ ಕಾಣಲ್ಲ. ವಾದ ಯಾಕೆ? ಪ್ರಯೋಗ ಮಾಡಿ ನೋಡೋಣ. ಹತ್ತು ಮಂಚ, ಆರು ತಿಂಗಳು. ನಿಜವೋ ಸುಳ್ಳೋ ತಾನಾಗಿಯೇ ಗೊತ್ತಾಗುತ್ತೆ.”

ಅಲ್ಪವಿರಾಮನಿಗೆ ಹೋದ ಜೀವ ಬಂದಂತಾಯಿತು. ನಾನು ಹೇಳಿದ್ದು ಸತ್ಯ ತಾನೇ, ಸತ್ಯಕ್ಕೆ ಆರು ತಿಂಗಳು ಯಾವ ಲೆಕ್ಕ! ಸಭೆ ಮುಗಿದ ಕೂಡಲೇ ನಿರ್ದೇಶಕರ ಹಿಂದೆಯೇ ಅವರ ಕೋಣೆಗೆ ಹೋದ. ಅವನ ಕಡತ ಮೇಜಿನ ಮೇಲೆಯೇ ಇತ್ತು.

“ಸಾರ್, ಆರು ತಿಂಗಳಾದ ಮೇಲೆ, ನಾನು ನಿರಪರಾಧಿ ಅಂತ, ಗೊತ್ತಾಗುತ್ತಲ್ಲ. ಆಮೇಲಾದ್ರೂ, ನನ್ನ ಆದೇಶ…”

ನಿರ್ದೇಶಕರು ಕಡತವನ್ನು ಕಪಾಟಿನಲ್ಲಿಟ್ಟು ಬೀಗ ಹಾಕಿದರು.

“ಕೇಳ್ರೀ ಇಲ್ಲಿ. ಆ ಲೇಪನ ಕೆಲಸ ಮಾಡ್ತು ಅಂತಿಟ್ಕೊಳ್ಳಿ. ಆಗ ನೀವು ಸಾವಿರಾರು ರೋಗಿಗಳ ಪ್ರಾಣ ಉಳಿಸೋ ಸಂಶೋಧನೆಯನ್ನ ಯಂತ್ರಕ್ಕೆ ಹಾಕಿದವರು.”

“ಕೆಲಸ ಮಾಡಲ್ಲ ಸಾರ್! ಖಂಡಿತ ಮಾಡಲ್ಲ!”

“ಮಾಡಲಿಲ್ಲ ಅಂತಲೇ ಇಟ್ಕೊಳ್ಳಿ. ಆಗ ಸುಳ್ಳು ವರದಿ ಕಟ್ಟಿಸಿ, ಸಮಿತಿಗೆ ಓದಿಸಿ, ಐದು ವರ್ಷದ ಅನುದಾನಕ್ಕೆ ಕೈ ಹಾಕಿದವರು. ಎರಡರಲ್ಲಿ ಯಾವುದು ಅಂತ ಆರು ತಿಂಗಳು ಬಿಟ್ಟು ಹೇಳ್ತೀವಿ. ಅಲ್ಲಿವರೆಗೆ ಆ ಹತ್ತು ಮಂಚಕ್ಕೆ ರಸ ಬಳಿಯೋದು ನಿಮ್ಮ ಕೆಲಸ.”

ಅಲ್ಪವಿರಾಮ ಮೆಟ್ಟಿಲ ಮೇಲೆ ಕುಸಿದು ಕೂತ. ಅಟೆಂಡರು ಅವನ ಪಕ್ಕದಲ್ಲಿ ಕೂತು, ಸಮಾಧಾನಕ್ಕೆಂದು ಬೆನ್ನು ತಟ್ಟಿದ. ಜೇಬಿನಲ್ಲಿ ಫೋನ್ ಬಡಿದುಕೊಳ್ಳತೊಡಗಿತು. ಎತ್ತಿದರೆ ಹೆಂಡತಿ; ಹಿನ್ನೆಲೆಯಲ್ಲಿ ಅಕ್ಕ, ಅತ್ತಿಗೆ, ಎರಡು ಮಹಡಿಯ ಜನರ ಗದ್ದಲ.

“ರೀ, ಎಲ್ರೂ ಕಾಯ್ತಿದ್ದಾರೆ. ಕಾಯಂ ಆಯ್ತಾ, ಇಲ್ವಾ?”

“ಆಯ್ತು ಕಣೇ,” ಎಂದ ಅಲ್ಪವಿರಾಮ. “ತಪ್ಪಿತಸ್ಥ ಅನ್ನೋದು, ಕಾಯಂ ಆಯ್ತು. ಯಾವ ತಪ್ಪು ಅನ್ನೋದು, ಇನ್ನೂ, ಹಂಗಾಮಿ.”