ಚಿಕ್ಕಮ್ಮನ ಜೊತೆ ಒಂದೇ ಬೆಂಚಿನಲ್ಲಿ

ನನ್ನ ಚಿಕ್ಕಮ್ಮನಷ್ಟು ಗಲಾಟೆಯ ವಿದ್ಯಾರ್ಥಿನಿ ನಮ್ಮ ಕಾಲೇಜಿನಲ್ಲಿ ಹಿಂದೆಯೂ ಇರಲಿಲ್ಲ, ಮುಂದೆ ಬರುವ ಸಂಭವವೂ ಇಲ್ಲ. ಚಿಕ್ಕಮ್ಮ ಎಂದರೆ ಯಾರದೋ ಅಡ್ಡಹೆಸರಲ್ಲ ಮತ್ತೆ! ನನ್ನ ಅಮ್ಮನ ಸ್ವಂತ ತಂಗಿ. ಪ್ರಾಯ ನಲವತ್ತೊಂಬತ್ತು. ಮೂರು ವರ್ಷ ನನ್ನ ಪಕ್ಕದಲ್ಲೇ ಕೂತು ಬಿ.ಎಸ್ಸಿ. ಓದಿದವರು.

ನಾನು ಪಿಯುಸಿ ಮುಗಿಸಿದ ವರ್ಷ ಅಮ್ಮ ತೀರಿಹೋದರು. ಆಮೇಲೆ ಮನೆಯ ಗೇಟು ದಾಟುವುದೆಂದರೆ ನನಗೆ ಎದೆ ಹೊಡೆದುಕೊಳ್ಳುತ್ತಿತ್ತು. ಬಸ್ಸು ಹತ್ತಬೇಕೆಂದರೆ ಕೈಕಾಲು ತಣ್ಣಗಾಗುತ್ತಿತ್ತು. ಒಂದು ವರ್ಷ ಹಾಗೆಯೇ ಕೂತೆ. ಅಪ್ಪ ಹೇಳಿ ಹೇಳಿ ಸುಮ್ಮನಾದರು. ಒಂದು ಬೆಳಿಗ್ಗೆ ಚಿಕ್ಕಮ್ಮ ಬಂಟ್ವಾಳದ ನಮ್ಮ ಮನೆಗೆ ಬಂದರು. ಕೈಯಲ್ಲಿ ಎರಡು ಅರ್ಜಿ ಫಾರಂ. ಬೆಳ್ತಂಗಡಿ ಕಡೆಯ ಒಂದು ಸಣ್ಣ ಕಾಲೇಜಿನಲ್ಲಿ ನೈಸರ್ಗಿಕ ಸಂಪನ್ಮೂಲ ಮತ್ತು ಸಂರಕ್ಷಣೆ ಎಂಬ ಹೊಸ ಕೋರ್ಸಂತೆ.

"ಎರಡು ಯಾಕೆ ಚಿಕ್ಕಮ್ಮ?"

"ಒಂದು ನಿನಗೆ, ಒಂದು ನನಗೆ. ನೀನು ಒಬ್ಬಳೇ ಹೋಗುದಿಲ್ಲ. ನಾನು ಮನೆಯಲ್ಲಿ ಕೂತು ಸೀರಿಯಲ್ ನೋಡುದು ಎಷ್ಟೂಂತ? ಹೋಗುವ ಮಾರಾಯ್ತಿ!"

ಪ್ರಾಂಶುಪಾಲರು ನಿಯಮಗಳ ಪುಸ್ತಕವನ್ನು ಹಿಂದೆ ಮುಂದೆ ತಿರುಗಿಸಿದರು. ಪ್ರಾಯ ಹೆಚ್ಚಾದವರು ಓದಬಾರದೆಂದು ಎಲ್ಲೂ ಬರೆದಿರಲಿಲ್ಲ. ಅಲ್ಲದೆ ಆ ಕೋರ್ಸಿಗೆ ಸೇರಿದ್ದೇ ಒಂಬತ್ತು ಜನ. ಹನ್ನೊಂದಾಗುತ್ತದೆ ಎಂದರೆ ಬಿಡುತ್ತಾರೆಯೇ?

ಮೊದಲ ದಿನ ಚಿಕ್ಕಮ್ಮ ಕ್ಲಾಸಿಗೆ ಕಾಲಿಟ್ಟದ್ದೇ ತಡ, ಎಲ್ಲರೂ ಎದ್ದು ನಿಂತು "ಗುಡ್ ಮಾರ್ನಿಂಗ್ ಮೇಡಂ" ಎಂದರು. "ಕೂತ್ಕೊಳ್ಳಿ ಮಕ್ಕಳೇ" ಎಂದು ಗಂಭೀರವಾಗಿ ಹೇಳಿ ಇವರು ಹೋಗಿ ಮುಂದಿನ ಬೆಂಚಿನಲ್ಲಿ ಕೂತರು. ಐದು ನಿಮಿಷದ ನಂತರ ನಿಜವಾದ ಸರ್ ಬಂದರು. ಹಾವೇರಿ ಕಡೆಯ ಎಳೆಯ ಪ್ರಾಯದವರು, ಮೊದಲ ಕೆಲಸ. ತಡವಾಗಿ ಬಂದ ಹುಡುಗ ಇರಬೇಕೆಂದು ಒಬ್ಬರೂ ಏಳಲಿಲ್ಲ!

ಹಾಜರಿ ಕರೆದರೆ ಚಿಕ್ಕಮ್ಮ "ಪ್ರೆಸೆಂಟ್" ಎನ್ನುತ್ತಿರಲಿಲ್ಲ. "ಉಂಟು" ಎನ್ನುತ್ತಿದ್ದರು. ಅಷ್ಟಕ್ಕೇ ನಿಲ್ಲುತ್ತಿತ್ತೇ? "ಏಳನೇ ನಂಬರಿನವ ಇಲ್ಲ ಸರ್, ಅವನಿಗೆ ಜ್ವರ. ಗಂಜಿ ಕುಡಿದು ಮಲಗ್ಲಿಕ್ಕೆ ಹೇಳಿದ್ದೇನೆ." ಸರ್ ಹಾಜರಿ ಪುಸ್ತಕವನ್ನು ಇವರ ಕೈಗೇ ಕೊಡುವುದೊಂದು ಬಾಕಿ.

ಇನ್ನು ಬಸ್ಸು! ಕೂತ ಕೂಡಲೇ ನನ್ನ ಎದೆ ಹೊಡೆದುಕೊಳ್ಳಲು ಶುರು. ಅಷ್ಟರಲ್ಲಿ ಯಾರೋ ಒಬ್ಬರು ಚಿಪ್ಸ್ ತಿಂದು ಖಾಲಿ ಪ್ಲಾಸ್ಟಿಕ್ ತೊಟ್ಟೆಯನ್ನು ಕಿಟಕಿಯಿಂದ ಬಿಸಾಡುತ್ತಿದ್ದರು. ಚಿಕ್ಕಮ್ಮ ಎದ್ದು ನಿಲ್ಲುತ್ತಿದ್ದರು. "ಬಸ್ಸು ನಿಲ್ಲಿಸಿ, ಇವರದ್ದು ಒಂದು ಸಾಮಾನು ಕೆಳಗೆ ಬಿತ್ತು!" ಪಕ್ಕದಲ್ಲಿ ಇಷ್ಟು ರಂಪ ನಡೆಯುವಾಗ ನನ್ನ ಹೆದರಿಕೆಗೆ ಪುರುಸೊತ್ತೆಲ್ಲಿ? ಕಂಡಕ್ಟರ್ ಮಾತ್ರ ಬೇಸತ್ತು, ಕಾಲೇಜಿಗಿಂತ ಒಂದು ಸ್ಟಾಪ್ ಮೊದಲೇ "ಅಕ್ಕಾ, ನಿಮ್ಮದು ಬಂತು" ಎಂದು ನಮ್ಮನ್ನು ಇಳಿಸಿಬಿಡುತ್ತಿದ್ದ.

ಒಮ್ಮೆ ನೀರು ಹೇಗೆ ಪೋಲಾಗುತ್ತದೆ ಎಂದು ಬರೆದು ತರಲು ಸರ್ ಹೇಳಿದರು. ನಾವೆಲ್ಲ ಮನೆಯ ಬಚ್ಚಲಿಗೆ ಹೋದೆವು. ಚಿಕ್ಕಮ್ಮ ಹೋದದ್ದು ಮದುವೆಗೆ! ಊಟದ ಹಾಲ್‌ನ ಕೈ ತೊಳೆಯುವ ನಲ್ಲಿಗಳ ಪಕ್ಕ ಪುಸ್ತಕ ಹಿಡಿದು ನಿಂತರು. ಹಾಲ್‌ನ ಕೆಲಸದವರೆಂದು ತಿಳಿದು ನಾಲ್ಕು ಜನ ಸಾಬೂನು ಕೇಳಿದರಂತೆ. ಐದನೆಯವರು ಮದುಮಗನ ಸೋದರಮಾವ. ಅವರು ನಲ್ಲಿ ಬಿಟ್ಟುಕೊಂಡು ಯಾರೊಡನೆಯೋ ಮಾತಾಡುತ್ತಿದ್ದರು. ಚಿಕ್ಕಮ್ಮ ನಲ್ಲಿ ತಿರುಗಿಸಿ, "ಸಾಕು, ಕೈ ಬೆಳ್ಳಗಾಯ್ತು" ಎಂದರು. ನಮ್ಮನ್ನು ಆ ಮದುವೆಗೆ ಕರೆದಿದ್ದ ಹುಡುಗಿಯ ಕಡೆಯವರು ಇವತ್ತಿಗೂ ನಮ್ಮನ್ನು ಯಾವ ಸಮಾರಂಭಕ್ಕೂ ಕರೆಯುವುದಿಲ್ಲ.

ಎರಡನೇ ವರ್ಷ ಕಕ್ಕಿಂಜೆಯ ಹತ್ತಿರ ನೀರು ಹರಿಯುವ ಒಂದು ಸಣ್ಣ ತೋಡಿನ ಬದಿಗೆ ನಮ್ಮನ್ನು ಕರೆದುಕೊಂಡು ಹೋದರು. ಹಗ್ಗದಿಂದ ಒಂದು ಮೀಟರಿನ ಚೌಕ ಮಾಡಿ, ಅದರೊಳಗಿನ ಗಿಡಗಳನ್ನೆಲ್ಲ ಎಣಿಸಬೇಕು. ನಾನು ಎಣಿಸಿ ಬರೆದೆ: ಒಂದೆಲಗ, ಮೂವತ್ತೊಂದು. ಮಧ್ಯಾಹ್ನ ಸರ್ ಪರೀಕ್ಷಿಸಲು ಬಂದು ಬಗ್ಗಿ ನೋಡುತ್ತಾರೆ, ಒಂದೂ ಇಲ್ಲ!

"ಮೂವತ್ತೊಂದು ಎಲ್ಲಿ ಹೋದವ್ರೀ?"

ಚಿಕ್ಕಮ್ಮ ಚೀಲ ಬಿಡಿಸಿ ತೋರಿಸಿದರು. "ಇಲ್ಲುಂಟು ಸರ್. ನಾಳೆಗೆ ಚಟ್ನಿ. ಬೇರು ಬಿಟ್ಟಿದ್ದೇನೆ, ಮಳೆ ಬಂದ ಮೇಲೆ ಬನ್ನಿ, ಪುನಃ ಎಣಿಸುವ."

ಮರುದಿನ ಸರ್ ಆ ಚಟ್ನಿಯಲ್ಲಿ ಎರಡು ಸಲ ಅನ್ನ ಕಲಸಿಕೊಂಡರು. ನನ್ನ ವರದಿಗೆ ಮಾತ್ರ ಅಂಕ ಕೊಡಲಿಲ್ಲ.

ಚಿಕ್ಕಮ್ಮನಿಗೆ ಕೈಕೊಟ್ಟದ್ದು ಸಂಖ್ಯಾಶಾಸ್ತ್ರ. ಸರಾಸರಿ ಎಂದರೇ ಅವರಿಗೆ ಸಿಟ್ಟು. "ಒಂದು ಚೌಕದಲ್ಲಿ ಎರಡೂವರೆ ಗಿಡ ಅಂತೆ! ಆ ಅರ್ಧ ಗಿಡ ಯಾರು ತಿಂದದ್ದು ಸರ್?" "ನೀವೇ ತಿಂದಿರಬೇಕ್ರೀ ಅಮ್ಮಾರ" ಎಂದಿದ್ದರು ಸರ್. ಕೊನೆಯ ಪರೀಕ್ಷೆಯಲ್ಲಿ ನಾನು ಎಲ್ಲದರಲ್ಲೂ ಪಾಸಾದೆ. ಚಿಕ್ಕಮ್ಮನಿಗೆ ಆ ಒಂದು ಹೋಯಿತು. ಪುನಃ ಕಟ್ಟಿ ಪಾಸಾದರು ಎಂಬುದನ್ನು ಈಗಲೇ ಹೇಳಿಬಿಡುತ್ತೇನೆ. ನನಗೆ ಹೇಳಬೇಕಾದದ್ದು ಆ ಮರುಪರೀಕ್ಷೆಯ ದಿನದ ಸಂಗತಿ.

ಪರೀಕ್ಷೆ ಇದ್ದದ್ದು ಮೂಡುಬಿದಿರೆಯ ಒಂದು ದೊಡ್ಡ ಕಾಲೇಜಿನಲ್ಲಿ. ನಾನು ಜೊತೆಗೆ ಹೋದೆ. ಎಲ್ಲಿ ನೋಡಿದರೂ ಮಕ್ಕಳು. ಯಾರೂ ಗುರುತಿನವರಲ್ಲ. ಚಿಕ್ಕಮ್ಮ ಕೊಠಡಿಯ ಬಾಗಿಲಲ್ಲಿ ನಿಂತುಬಿಟ್ಟರು. ಹಾಲ್ ಟಿಕೆಟನ್ನು ಮಡಚಿದರು, ಬಿಡಿಸಿದರು, ಪುನಃ ಮಡಚಿದರು.

"ನೀನು ಒಳಗೆ ಬರ್ಲಿಕ್ಕೆ ಆಗುದಿಲ್ಲ, ಅಲ್ಲವಾ?"

"ಇಲ್ಲ ಚಿಕ್ಕಮ್ಮ." ನನಗೆ ನಗು ಬಂತು. "ಏನು, ನಿಮಗೂ ಹೆದರಿಕೆಯಾ?"

ಅವರು ನಗಲಿಲ್ಲ. "ದಿನಾ ಆಗ್ತಿತ್ತು ಮಗಾ. ಅಕ್ಕ ಹೋದ ಮೇಲೆ ನನಗೂ ಮನೆಯಿಂದ ಹೊರಗೆ ಕಾಲಿಡ್ಲಿಕ್ಕೆ ಆಗ್ತಿರ್ಲಿಲ್ಲ. ನಿನ್ನನ್ನು ಕರ್ಕೊಂಡು ಹೋಗ್ಬೇಕು ಅಂತ ಆದ ಕಾರಣ ನಾನು ಹೊರಟದ್ದು. ಇಬ್ಬರೂ ಹೆದರಿ ಕೂತ್ರೆ ಹೇಗೆ?"

ಬೆಲ್ ಆಯಿತು. ಅವರು ಒಳಗೆ ಹೋದರು.

ಅವರ ಜಾಗ ಕಿಟಕಿಯ ಪಕ್ಕದಲ್ಲಿತ್ತು. ಅವರಿಗೆ ಕಾಣುವ ಹಾಗೆ ನಾನು ಅಂಗಳದಲ್ಲಿ ನಿಂತೆ. ಬರೆಯುತ್ತಾ ಬರೆಯುತ್ತಾ ಒಮ್ಮೊಮ್ಮೆ ತಲೆಯೆತ್ತಿ ನೋಡುತ್ತಿದ್ದರು, ನಾನು ಇದ್ದೇನೆಯೇ ಎಂದು. ಬಿಸಿಲು ನೆತ್ತಿಗೆ ಬಂತು. ಕಾವಲಿನವರು ಹತ್ತಿರ ಬಂದರು.

"ಆಚೆ ನೆರಳಲ್ಲಿ ಕೂತ್ಕೋ ಮಗಾ. ಒಳಗೆ ಯಾರು, ತಂಗಿಯಾ?"

"ಅಲ್ಲ," ಎಂದೆ. "ಅಮ್ಮ."